ಕುಲುಮೆ ಕಲಿಸಿದ ಪಾಠ

ರಸಾಯನಶಾಸ್ತ್ರವನ್ನು ಹೊಸದಾಗಿ ಕಲಿಯತೊಡಗಿದ ವಿದ್ಯಾರ್ಥಿ ಸಾಮಾನ್ಯವಾಗಿ ಎಡವುವುದು ಒಂದು ಚಿಕ್ಕ ಗುರುತಿನ ಮುಂದೆ. ಅದುವರೆಗೆ ಸಮೀಕರಣದಲ್ಲಿ ಒಂದೇ ದಿಕ್ಕಿಗೆ ಓಡುತ್ತಿದ್ದ ಬಾಣ ಈಗ ಎರಡಾಗಿ, ಪರಸ್ಪರ ವಿರುದ್ಧವಾಗಿ ಮುಖಮಾಡಿ ನಿಂತಿದೆ. ಇದು ‘ಸಮತೋಲ’ ಎನ್ನುತ್ತಾರೆ ಅಧ್ಯಾಪಕರು. ತಕ್ಕಡಿಯನ್ನು ಕಂಡ ಕಣ್ಣಿಗೆ ಸಮತೋಲವೆಂದರೆ ನಿಶ್ಚಲತೆ. ಕ್ರಿಯೆಯು ಅರ್ಧ ದಾರಿಯಲ್ಲಿ ದಣಿದು ನಿಂತಿತೆಂದು ಹುಡುಗ ತಿಳಿಯುತ್ತಾನೆ. ಇನ್ನಷ್ಟು ಕಾಲಾವಕಾಶ ಕೊಟ್ಟರೆ ಪೂರ್ಣವಾದೀತೆಂದು ಆಶಿಸುತ್ತಾನೆ.

ಈ ಭ್ರಮೆ ಹುಡುಗರದು ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಬ್ಬಿಣದ ಕಾರ್ಖಾನೆಗಳ ಒಡೆಯರೂ ಇದಕ್ಕೆ ಬಲಿಯಾದರು. ಊದುಕುಲುಮೆಯಲ್ಲಿ ಅದುರಿನ ಆಮ್ಲಜನಕವನ್ನು ಸೆಳೆದು ಕಬ್ಬಿಣವನ್ನು ಬಿಡಿಸುವುದು ಕಾರ್ಬನ್ ಮಾನಾಕ್ಸೈಡ್ ಅನಿಲ. ಅದರ ದೊಡ್ಡ ಪಾಲು ಕೆಲಸ ಮಾಡದೆಯೇ ಕುಲುಮೆಯ ನೆತ್ತಿಯಿಂದ ಹೊರಬೀಳುತ್ತಿತ್ತು. ಅದುರಿನೊಡನೆ ಅನಿಲದ ಸಂಪರ್ಕ ಸಾಲದೆಂದು ಬಗೆದು ಕುಲುಮೆಗಳನ್ನು 30 ಮೀಟರುಗಳವರೆಗೂ ಎತ್ತರಿಸಿದರು. ಹಣ ಕರಗಿತು; ವ್ಯರ್ಥವಾಗುವ ಅನಿಲದ ಪ್ರಮಾಣ ಮಾತ್ರ ಕರಗಲಿಲ್ಲ. 1888ರಲ್ಲಿ ಈ ದುಬಾರಿ ಪ್ರಯೋಗವನ್ನು ಲೋಕಕ್ಕೆ ಎತ್ತಿ ತೋರಿಸಿದವನು ಫ್ರಾನ್ಸಿನ ವಿಜ್ಞಾನಿ ಆನ್ರಿ ಲೆ ಶಾತೆಲಿಯೇ.

ಕುಲುಮೆಯೊಳಗೆ ಕ್ರಿಯೆ ನಿಂತಿರಲಿಲ್ಲ. ಮಾನಾಕ್ಸೈಡ್ ಆಮ್ಲಜನಕವನ್ನು ಪಡೆದು ಡೈಆಕ್ಸೈಡ್ ಆಗುತ್ತಿತ್ತು; ಡೈಆಕ್ಸೈಡ್ ಅದನ್ನು ಕಬ್ಬಿಣಕ್ಕೆ ಮರಳಿ ಒಪ್ಪಿಸುತ್ತಿತ್ತು. ಕೊಡುವ ವೇಗವೂ ಕೊಳ್ಳುವ ವೇಗವೂ ಒಂದೇ ಆದಾಗ ಪ್ರಮಾಣಗಳು ಬದಲಾಗದೆ ಉಳಿಯುತ್ತವೆ. ಸಮತೋಲವೆಂದರೆ ಇದೇ: ಹೊರಗೆ ಶಾಂತಿ, ಒಳಗೆ ಎಡೆಬಿಡದ ವ್ಯವಹಾರ. ಅದನ್ನು ಕಾಲ ಕದಲಿಸಲಾರದು. ಉಷ್ಣತೆ, ಒತ್ತಡ, ವಸ್ತುಗಳ ಪ್ರಮಾಣ ಇವು ಕದಲಿಸಬಲ್ಲವು.

ಗೋಲಿ ಸೋಡದ ಸೀಸೆಯೇ ಇದಕ್ಕೆ ಸಾಕ್ಷಿ. ಬಿಗಿದ ಸೀಸೆಯಲ್ಲಿ ನೀರಿನಿಂದ ಹೊರಡುವಷ್ಟೇ ಅನಿಲ ನೀರಿಗೆ ಹಿಂದಿರುಗುತ್ತಿರುತ್ತದೆ. ಗೋಲಿಯನ್ನು ಒತ್ತಿದೊಡನೆ ಮೇಲಿನ ಅನಿಲ ಪಾರಾಗುತ್ತದೆ. ಹಿಂದಿರುಗುವುದು ಕುಗ್ಗಿ, ಹೊರಡುವುದೇ ಮೇಲಾಗಿ, ನೀರು ನೊರೆಯುಕ್ಕುತ್ತದೆ.

ಇದೇ ಮರ್ಮವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಿಸಿದನು. ಸಾರಜನಕ, ಜಲಜನಕಗಳನ್ನು ಭಾರಿ ಒತ್ತಡದಲ್ಲಿ ಕೂಡಿಸಿದರೂ ಒಂದು ಸುತ್ತಿಗೆ ದೊರೆಯುತ್ತಿದ್ದ ಅಮೋನಿಯ ಸ್ವಲ್ಪವೇ. ಅವನು ಕಾದು ಕೂರಲಿಲ್ಲ. ಹುಟ್ಟಿದ ಅಮೋನಿಯವನ್ನು ತಣಿಸಿ ದ್ರವವಾಗಿಸಿ ಬೇರ್ಪಡಿಸಿದನು, ಉಳಿದ ಅನಿಲವನ್ನು ಮತ್ತೆ ಸುತ್ತಿಗೆ ಹಚ್ಚಿದನು. 1913ರಲ್ಲಿ ಓಪ್ಪಾವಿನಲ್ಲಿ ಇದರ ಕಾರ್ಖಾನೆಯೇ ಎದ್ದಿತು. ಇಂದು ಹೊಲಗಳಿಗೆ ಬೀಳುವ ಯೂರಿಯ ಗೊಬ್ಬರದ ಮೂಲವೂ ಆ ಅಮೋನಿಯವೇ.

ಎರಡು ಬಾಣಗಳ ಮುಂದೆ ನಿಂತ ವಿದ್ಯಾರ್ಥಿ ಕೇಳಬೇಕಾದುದು ‘ಇನ್ನೆಷ್ಟು ಹೊತ್ತು?’ ಎಂದಲ್ಲ, ‘ಯಾವ ಸ್ಥಿತಿಯಲ್ಲಿ?’ ಎಂದು. ಕುಲುಮೆಯ ಒಡೆಯರು ಈ ಪ್ರಶ್ನೆಯನ್ನು ಕೇಳಿದ್ದರೆ ಅಷ್ಟು ಇಟ್ಟಿಗೆ ಉಳಿಯುತ್ತಿತ್ತು.