ಯೋತುನರಿಗೆ ದೊರೆತ ಅರ್ಧ ನ್ಯಾಯ

ನಾರ್ವೆ, ಐಸ್ಲೆಂಡ್ ಮೊದಲಾದ ಉತ್ತರದೇಶಗಳ ಪುರಾಣಗಳಲ್ಲಿ ದೇವತೆಗಳಿಗೆ ಪ್ರತಿಪಕ್ಷವಾಗಿ ನಿಂತಿರುವ ಕುಲವೊಂದುಂಟು. ಆ ಕುಲದವರಿಗೆ ಯೋತುನರೆಂದು ಹೆಸರು. ಆಂಗ್ಲರು ಈ ಪದವನ್ನು ಜಯಂಟ್ ಎಂದು ಭಾಷಾಂತರಿಸಿದರು. ಅದನ್ನು ಕನ್ನಡದಲ್ಲಿ ಹೇಳಹೊರಟವರ ಬಾಯಿಗೆ ರಾಕ್ಷಸನೆಂಬ ಮಾತು ಅನಾಯಾಸವಾಗಿ ಬರುವುದು. ಈ ಕುಲದ ಕಥೆಯನ್ನು ಈಚಿನ ವರ್ಷಗಳಲ್ಲಿ ದೇಶದೇಶಗಳ ತರುಣರಿಗೆ ಮುಟ್ಟಿಸಿದ ಸಾಧನಗಳಲ್ಲಿ ಮುಖ್ಯವಾದುದೊಂದು ಗ್ರಂಥವಲ್ಲ, ವಿಡಿಯೋ ಆಟ. ಅಮೆರಿಕದ ಸಾಂಟಾ ಮೋನಿಕಾ ಸ್ಟುಡಿಯೋ ಎಂಬ ಸಂಸ್ಥೆಯವರು 2005ರಿಂದ ನಡೆಯಿಸಿಕೊಂಡು ಬಂದ ‘ಗಾಡ್ ಆಫ್ ವಾರ್’ ಆಟಮಾಲೆಯು ಮೊದಲು ಗ್ರೀಕರ ಪುರಾಣದಲ್ಲಿ ಸಂಚರಿಸಿ, 2018ರ ಮತ್ತು 2022ರ ಭಾಗಗಳಲ್ಲಿ ಉತ್ತರದೇಶಗಳಿಗೆ ಬಂದಿಳಿಯಿತು. ಯೋತುನರ ವಿಚಾರದಲ್ಲಿ ಈ ಆಟವು ಮಾಡಿರುವ ಉಪಕಾರವೇನು, ಅಪಕಾರವೇನು ಎಂಬುದು ವಿಚಾರಾರ್ಹವಾದುದು.

ಆಟದ ವಿಷಯದಲ್ಲಿ ವಿಚಾರವೇತಕ್ಕೆ ಎಂಬುದು ಮೊದಲನೆಯ ಪೂರ್ವಪಕ್ಷ. ಕಥೆಯು ಓಲೆಯಮೇಲೆ ಬಂದಿತೇ ಪರದೆಯಮೇಲೆ ಬಂದಿತೇ ಎಂಬುದರಿಂದ ಅದರ ಯೋಗ್ಯತೆಯು ನಿರ್ಣಯವಾಗಲಾರದು. ಎಳೆಯ ಮನಸ್ಸಿನಲ್ಲಿ ಇಂಥವರು ವಧಾರ್ಹರು, ಇಂಥವರು ಪೂಜಾರ್ಹರು ಎಂಬ ಸಂಸ್ಕಾರವನ್ನು ಯಾವುದು ಬಿತ್ತುವುದೋ ಅದನ್ನು ಹಿರಿಯರು ಪರೀಕ್ಷಿಸಲೇಬೇಕು. ಹುಡುಗರ ಆಟವೆಂದು ಮುಖ ತಿರುಗಿಸಿಕೊಳ್ಳುವುದು ಪಾಂಡಿತ್ಯವಲ್ಲ, ಆಲಸ್ಯ.

ಆಟದ ಕಥಾನಕವು ಸಂಕ್ಷೇಪವಾಗಿ ಹೀಗಿರುವುದು. ಗ್ರೀಸಿನಿಂದ ಬಂದ ಕ್ರೇಟೋಸನೆಂಬ ವೀರನು ತನ್ನ ಹೆಂಡತಿಯಾದ ಫೇ ಎಂಬವಳು ತೀರಿಹೋಗಲಾಗಿ, ಅವಳ ಕೋರಿಕೆಯಂತೆ ಚಿತಾಭಸ್ಮವನ್ನು ಎಲ್ಲಕ್ಕಿಂತ ಎತ್ತರವಾದ ಶಿಖರದಿಂದ ಚೆಲ್ಲುವುದಕ್ಕಾಗಿ ಮಗನಾದ ಏಟ್ರಿಯಸನೊಡನೆ ಹೊರಡುತ್ತಾನೆ. ಆ ಶಿಖರವಿರುವುದು ಯೋತುನರ ನಾಡಾದ ಯೋತುನ್‌ಹೈಮಿನಲ್ಲಿ. ಅಲ್ಲಿ ತಲಪಿದಮೇಲೆ ಎರಡು ಸಂಗತಿಗಳು ಹೊರಬೀಳುವುವು: ಸತ್ತ ತಾಯಿಯು ಯೋತುನಳೇ ಆಗಿದ್ದಳು, ಅವಳ ಬಂಧುಗಳ ಕಳೇಬರಗಳು ಆ ನಾಡಿನಲ್ಲಿ ಚೆಲ್ಲಿಬಿದ್ದಿವೆ. ಓಡಿನನು ಅವರ ಭವಿಷ್ಯಜ್ಞಾನಕ್ಕೆ ಆಸೆಪಟ್ಟವನು. ಅವನ ಮಗನಾದ ಥಾರನು ಅವರನ್ನು ಹುಡುಕಿ ಹುಡುಕಿ ಕೊಂದವನು. 2022ರ ಭಾಗದಲ್ಲಿ ಅಂಗ್ರ್ಬೋದಾ ಎಂಬ ಬಾಲಿಕೆಯು ಆ ಕುಲದಲ್ಲಿ ಉಳಿದುಕೊಂಡವಳಾಗಿ ಕಾಣಿಸಿಕೊಳ್ಳುತ್ತಾಳೆ. ಯೋತುನರ ಆತ್ಮಗಳು ಸಣ್ಣ ಗೋಲಿಗಳಲ್ಲಿ ಅಡಗಿರುವುವು.

ಇದು ಮೂಲಕಥೆಗೆ ವಿರುದ್ಧವೆಂದು ದೂರುವವರು ಎರಡನೆಯ ಪೂರ್ವಪಕ್ಷಿಗಳು. ವಿರೋಧವಿರುವುದು ನಿಜವೇ. ಎಡ್ಡಾ ಗ್ರಂಥಗಳಲ್ಲಿ ಲೋಕಿಯ ತಂದೆ ಫಾರ್ಬೌತಿ ಎಂಬ ಯೋತುನ, ತಾಯಿ ಲೌಫೆ. ಕ್ರೇಟೋಸನಿಗೆ ಅಲ್ಲಿ ಸ್ಥಾನವೇ ಇಲ್ಲ. ಆದರೆ ಮೂಲವೆಂಬುದಾದರೂ ಯಾವುದು? ಐಸ್ಲೆಂಡಿನವರು ಕ್ರೈಸ್ತಮತವನ್ನು ಕೈಕೊಂಡುದು ಸುಮಾರು 1000ದಲ್ಲಿ. ಸ್ನೋರಿ ಸ್ಟುರ್ಲುಸನ್ ತನ್ನ ಗದ್ಯ ಎಡ್ಡಾವನ್ನು ರಚಿಸಿದುದು ಸುಮಾರು 1220ರಲ್ಲಿ. ತಾನು ನಂಬದ ದೇವತೆಗಳ ಕಥೆಯನ್ನು ಕವಿಗಳ ಉಪಯೋಗಕ್ಕಾಗಿ ಕ್ರೈಸ್ತನೊಬ್ಬನು ಜೋಡಿಸಿಟ್ಟುದೇ ಇಂದಿನವರ ಮುಖ್ಯ ಆಧಾರ. ಪದ್ಯ ಎಡ್ಡಾದ ಪ್ರಧಾನ ಹಸ್ತಪ್ರತಿಯೂ ಅದೇ ಶತಮಾನದ ಉತ್ತರಾರ್ಧದ್ದು. ಆದುದರಿಂದ ಕಥೆಯನ್ನು ಮಾರ್ಪಡಿಸಿದರೆಂಬ ಮಾತ್ರದಿಂದ ಆಟದವರು ಅಪರಾಧಿಗಳಾಗುವುದಿಲ್ಲ. ಮಾರ್ಪಾಟಿನಿಂದ ಕಥೆಯ ಸತ್ತ್ವವು ಬೆಳೆಯಿತೇ ಕುಗ್ಗಿತೇ ಎಂಬುದೇ ಕೇಳತಕ್ಕ ಪ್ರಶ್ನೆ.

ಬೆಳೆದುದಕ್ಕೆ ನಿದರ್ಶನವುಂಟು. ಸ್ನೋರಿಯ ಗ್ರಂಥದಲ್ಲಿ ಹೆಸರಿಲ್ಲದ ಶಿಲ್ಪಿಯೊಬ್ಬನು ದೇವತೆಗಳಿಗೆ ಕೋಟೆಯನ್ನು ಕಟ್ಟಿಕೊಡಲು ಒಪ್ಪಿ, ಫ್ರೇಯಾದೇವಿಯನ್ನೂ ಸೂರ್ಯಚಂದ್ರರನ್ನೂ ಪ್ರತಿಫಲವಾಗಿ ಕೇಳುತ್ತಾನೆ. ಕೆಲಸವು ಮುಗಿಯುತ್ತ ಬಂದಾಗ ದೇವತೆಗಳು ಕಪಟದಿಂದ ಅದನ್ನು ಕೆಡಿಸುತ್ತಾರೆ; ಅವನು ಯೋತುನನೆಂದು ತಿಳಿದೊಡನೆ ಕೊಟ್ಟ ಪ್ರಮಾಣವನ್ನು ಬದಿಗಿಟ್ಟು ಥಾರನನ್ನು ಕರೆಯುತ್ತಾರೆ; ಶಿಲ್ಪಿಯ ತಲೆ ಒಡೆಯುವುದು. ಆಟವು ಈ ಅನಾಮಧೇಯನಿಗೆ ಹ್ರಿಂಥೂರನೆಂದು ಹೆಸರಿಟ್ಟು, ಥಾರನಿಂದ ಹತನಾದ ಥಾಮೂರನೆಂಬ ಕಲ್ಲುಕುಟಿಗನ ಮಗನೆಂದು ಹೇಳಿದೆ. ಥಾಮೂರನ ಪರ್ವತಾಕಾರದ ಶವವು ಹಿಮದಲ್ಲಿ ಬಿದ್ದಿರುವುದನ್ನು ಆಡುವವನು ಕಣ್ಣಾರೆ ನೋಡಿರುತ್ತಾನೆ. ಕೊಲ್ಲಲ್ಪಟ್ಟವನಿಗೂ ತಂದೆಯೊಬ್ಬನಿದ್ದನು, ದುಃಖವೊಂದಿತ್ತು ಎಂದು ತೋರಿಸಿದುದು ಸಣ್ಣ ಕಾರ್ಯವಲ್ಲ. ಯೋತುನರೆಲ್ಲರೂ ಬೃಹದ್ದೇಹಿಗಳಲ್ಲವೆಂಬ ಮಾತನ್ನೂ ಆಟವು ಸರಿಯಾಗಿ ಗ್ರಹಿಸಿದೆ. ಹಳೆಯ ಕಥೆಗಳಲ್ಲಿಯೂ ದೇವತೆಗಳು ಕೈಹಿಡಿದ ಗೆರ್ದ್, ಸ್ಕಾದಿ ಎಂಬ ಕನ್ಯೆಯರು ಯೋತುನಕುಲದವರೇ.

ಇಷ್ಟನ್ನು ಒಪ್ಪಿಕೊಂಡಮೇಲೆ ದೋಷವನ್ನು ಹೇಳಬೇಕು. ಆಟವು ಯೋತುನರಿಗೆ ಕರುಣೆಯನ್ನು ದೊರಕಿಸುವುದಕ್ಕಾಗಿ ಅವರನ್ನು ಹೆಚ್ಚುಕಡಿಮೆ ನಿರ್ದೋಷಿಗಳನ್ನಾಗಿ ಮಾಡಿಬಿಟ್ಟಿದೆ. ಅದರ ಮುಖ್ಯ ಕಥಾನಕದಲ್ಲಿ ಅವರು ಶಾಂತರು, ಚಿತ್ರಕಾರರು, ಭವಿಷ್ಯವನ್ನು ಬಲ್ಲವರು. ಅವರಲ್ಲಿ ಆಯುಧವೆತ್ತಿದವರು ಅನ್ಯಾಯಕ್ಕೆ ಇದಿರಾಗಿ ಎತ್ತಿದವರು. ಹಿಂದೆ ದೇವತೆಗಳು ಬಿಳುಪು, ಯೋತುನರು ಕಪ್ಪು ಎನ್ನುತ್ತಿದ್ದವರ ತಕ್ಕಡಿಯನ್ನು ಆಟವು ಮುರಿಯಲಿಲ್ಲ, ತಿರುಗಿಸಿಟ್ಟಿತು. ಹಳೆಯ ಕಥೆಗಳ ಯೋತುನರಾದರೋ ಹೀಗಿಲ್ಲ. ಥ್ರಿಮನು ಥಾರನ ಸುತ್ತಿಗೆಯನ್ನು ಕದ್ದು ಫ್ರೇಯಾಳನ್ನು ಕೇಳುತ್ತಾನೆ. ಥ್ಯಾಸಿಯು ಇದುನ್ ದೇವಿಯನ್ನು ಹೊತ್ತೊಯ್ಯುತ್ತಾನೆ. ಅದೇ ಕುಲದವನಾದ ವಾಫ್‌ಥ್ರೂದ್ನಿರನು ಓಡಿನನೊಡನೆ ಸೃಷ್ಟಿಪ್ರಳಯಗಳನ್ನು ಕುರಿತು ತಲೆಯನ್ನೇ ಪಣವಾಗಿಟ್ಟು ವಾದಮಾಡುತ್ತಾನೆ. ಕವಿತ್ವವನ್ನು ಕೊಡುವ ಮಧುವು ಸುತ್ತುಂಗನ ಮನೆಯಲ್ಲಿದ್ದಿತು. ಅವನ ಮಗಳಾದ ಗುನ್‌ಲೋದಳನ್ನು ವಂಚಿಸಿ ಅದನ್ನು ಅಪಹರಿಸಿದವನು ಓಡಿನನು. ಕಳ್ಳರೂ ಜ್ಞಾನಿಗಳೂ ಎರಡು ಪಕ್ಷಗಳಲ್ಲಿಯೂ ಇದ್ದರು. ವಾದಮಾಡುತ್ತಿದ್ದ ಆ ಕುಲದ ಜ್ಞಾನವು ಆಟದಲ್ಲಿ ಬಹುಪಾಲು ಹಲಗೆಗಳಮೇಲಣ ಚಿತ್ರಗಳಾಗಿ ಉಳಿದಿರುವುದು. ಅದಕ್ಕೆ ವ್ಯಾಖ್ಯಾನ ಹೇಳುವವನು, ಒಂದು ಕಾಲದಲ್ಲಿ ಓಡಿನನಿಗೇ ಮಂತ್ರಿಯಾಗಿದ್ದ ಮಿಮಿರನು.

ಇದಕ್ಕಿಂತ ದೊಡ್ಡ ನಷ್ಟವು ಬಾಂಧವ್ಯದ್ದು. ಓಡಿನನ ತಾಯಿಯಾದ ಬೆಸ್ತ್ಲಾ ಎಂಬವಳು ಯೋತುನಕುಲದವಳು. ಯಾವ ಯೂಮಿರನನ್ನು ಕೊಂದು ಅವನ ಮಾಂಸದಿಂದ ಭೂಮಿಯನ್ನೂ ರಕ್ತದಿಂದ ಸಮುದ್ರವನ್ನೂ ಕಪಾಲದಿಂದ ಆಕಾಶವನ್ನೂ ಓಡಿನ ಸಹೋದರರು ನಿರ್ಮಿಸಿದರೋ ಆ ಯೂಮಿರನೇ ಅವರ ತಾಯಿಯ ಕುಲಕ್ಕೆ ಮೂಲಪುರುಷನು. ಥಾರನ ತಾಯಿಯೂ ಆ ಕುಲದವಳೆಂಬುದನ್ನು ಆಟವು ಮಾತಿನ ನಡುವೆ ಒಪ್ಪಿಕೊಳ್ಳುವುದಾದರೂ, ಅದರ ಭಾರವನ್ನು ಕಥೆಯಮೇಲೆ ಹೊರಿಸುವುದಿಲ್ಲ. ಭರತಖಂಡದ ವಾಚಕರಿಗೆ ಇದು ಅಪರಿಚಿತವಾದ ವಿಷಯವಲ್ಲ. ದಿತಿಯೂ ಅದಿತಿಯೂ ಒಬ್ಬನೇ ಕಶ್ಯಪನ ಪತ್ನಿಯರು. ಇಂದ್ರನ ಶಚಿಯು ಪುಲೋಮನೆಂಬ ಅಸುರನ ಮಗಳು. ಮೃತಸಂಜೀವನಿಯನ್ನು ಕಲಿಯಲು ದೇವಗುರುವಿನ ಮಗನು ಅಸುರಗುರುವಿನ ಮನೆಬಾಗಿಲಿಗೆ ಹೋಗಬೇಕಾಯಿತು. ಹೀಗಿರಲಾಗಿ ಯೋತುನನಿಗೆ ರಾಕ್ಷಸನೆಂಬುದಕ್ಕಿಂತ ದೈತ್ಯನೆಂಬುದೇ ಉಚಿತವಾದ ಕನ್ನಡ. ಅದು ಶರೀರದ ಗಾತ್ರವನ್ನು ಹೇಳುವುದೆಂಬ ಕಾರಣದಿಂದಲ್ಲ, ತಾಯಿಯ ಹೆಸರನ್ನು ಹೇಳುವುದೆಂಬ ಕಾರಣದಿಂದ. ದೈತ್ಯನೆಂದವನು ಅವನ ಮಲಸಹೋದರರನ್ನೂ ನೆನೆಯಬೇಕಾಗುವುದು.

ಹೆಸರಿನ ವಿಚಾರದಲ್ಲಿ ಇಷ್ಟು ಹಟವೇಕೆಂದರೆ, ಕೊಲೆಯ ವಿಚಾರವು ಅದರಲ್ಲಿ ಅಡಗಿರುವುದರಿಂದ. ಒಂದು ಕುಲವನ್ನು ನಿರ್ಮೂಲ ಮಾಡುವುದು ತಪ್ಪೇಕೆ? ಆ ಕುಲದವರು ಶಾಂತರಾಗಿದ್ದರು, ಚಿತ್ರ ಬರೆಯುತ್ತಿದ್ದರು ಎಂಬುದು ಉತ್ತರವಾದರೆ, ನಾಳೆ ಜಗಳಗಂಟಿಯಾದ ಇನ್ನೊಂದು ಕುಲವನ್ನು ಕೊಂದವನಿಗೆ ಅದೇ ಉತ್ತರವು ಕ್ಷಮಾಪತ್ರವಾಗಿಬಿಡುವುದು. ಆಡುವ ಬಾಲಕನು ಥಾರನನ್ನು ದ್ವೇಷಿಸಲು ಕಲಿತನೇ ಹೊರತು, ನಿರ್ದೋಷಿಯಲ್ಲದವನಿಗೂ ಬದುಕುವ ಹಕ್ಕುಂಟೆಂಬುದನ್ನು ಕಲಿಯಲಿಲ್ಲ. ಕಂಡುಬಂದವರಿಗೆಲ್ಲ ಗುಣಪರೀಕ್ಷೆ ನಡೆಯಿಸಿ ಆಮೇಲೆ ಮರುಗುವುದು ನ್ಯಾಯವಲ್ಲ. ಥ್ರಿಮನಂಥ ಕಳ್ಳನಿರುವ ಕುಲವೂ ಬದುಕತಕ್ಕದ್ದೇ ಎನ್ನುವ ಧೈರ್ಯವು ಕಥೆಗಾರನಿಗಿರಬೇಕು. ಆ ಧೈರ್ಯವನ್ನು ಆಟದವರು ತೋರಿಸಲಿಲ್ಲ.

ಆಟವನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೆಂಬುದು ಇದರ ತಾತ್ಪರ್ಯವಲ್ಲ. ಪ್ರಾಯಕ್ಕೆ ಬಂದ ಮಕ್ಕಳು ಆಡಲಿ. ಆಡಿದಮೇಲೆ ಮನೆಯ ಹಿರಿಯರು ವಾಫ್‌ಥ್ರೂದ್ನಿರನ ವಾದವನ್ನೂ ಥ್ರಿಮನ ಕಳ್ಳತನವನ್ನೂ ಬೆಸ್ತ್ಲಾಳ ಮಾತೃತ್ವವನ್ನೂ ಒಟ್ಟಿಗೆ ಹೇಳಲಿ. ಕಥೆಯನ್ನು ಕೇಳಿದ ಬಾಲಕನು, ಥಾರನು ಕೊಂದುದು ತನ್ನ ತಾಯಿಯ ಕಡೆಯವರನ್ನಲ್ಲವೇ ಎಂದು ಪ್ರಶ್ನೆಮಾಡಿದರೆ, ಯೋತುನರಿಗೆ ಸಲ್ಲಬೇಕಾದ ಉಳಿದರ್ಧ ನ್ಯಾಯವೂ ಆ ಮನೆಯಲ್ಲಿ ಸಂದಂತಾಯಿತು.