ಆಡಳಿತವೇ ತೀರ್ಪುಗಾರನಾದರೆ

ಯಾವ ಕಡತ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಅದನ್ನು ಸೃಷ್ಟಿಸಿದ ಆಡಳಿತವೇ ನಿರ್ಧರಿಸಲಿ, ಪತ್ರಾಗಾರದವರು ಕಾವಲುಗಾರರಾಗಿರಲಿ ಎಂದು ಬ್ರಿಟಿಷ್ ಪತ್ರಾಗಾರ ತಜ್ಞ ಹಿಲರಿ ಜೆಂಕಿನ್ಸನ್ ತಮ್ಮ 1922ರ ಕೈಪಿಡಿಯಲ್ಲಿ ವಾದಿಸಿದರು. ಆಯ್ದವರ ಒಲವು ಸಾಕ್ಷ್ಯವನ್ನು ಕೆಡಿಸುತ್ತದೆಂಬ ಅವರ ಆತಂಕ ಸರಿಯೇ. ಆದರೆ ಆಡಳಿತಕ್ಕೆ ಒಲವಿಲ್ಲವೇ?

ಕೀನ್ಯಾ ಬಿಡುವ ಮುನ್ನ ಬ್ರಿಟಿಷ್ ಅಧಿಕಾರಿಗಳು ಮುಜುಗರ ತರುವ ಎಷ್ಟೋ ಕಡತಗಳನ್ನು ಸುಟ್ಟರು. ಹಲವನ್ನು ಇಂಗ್ಲೆಂಡಿಗೆ ಸಾಗಿಸಿ ಬಚ್ಚಿಟ್ಟರು. ಅಲ್ಲಿನ ವಸಾಹತು ವಿರೋಧಿ ಮಾವ್ ಮಾವ್ ಬಂಡಾಯದ ದಮನದ ಸಂತ್ರಸ್ತರು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 2011ರಲ್ಲಿ, ಇಂಗ್ಲೆಂಡಿನ ಹ್ಯಾನ್‌ಸ್ಲೋಪ್ ಪಾರ್ಕಿನಲ್ಲಿದ್ದ ಆ ಸಂಗ್ರಹ ಬಯಲಾಯಿತು. ವರ್ಣಭೇದ ಆಳ್ವಿಕೆ ಮುಗಿಯುವ ಮುನ್ನ ದಕ್ಷಿಣ ಆಫ್ರಿಕಾದ ಗುಪ್ತಚರ ಸಂಸ್ಥೆ 1993ರಲ್ಲಿ ಸುಮಾರು 44 ಟನ್ ದಾಖಲೆ ನಾಶಮಾಡಿತು.

ಆರೋಪಿಯ ಕೈಗೇ ಸಾಕ್ಷ್ಯ ಒಪ್ಪಿಸುವುದು ನಿಷ್ಪಕ್ಷಪಾತವಲ್ಲ. ಅಮೆರಿಕದ ಪತ್ರಾಗಾರ ತಜ್ಞ ಷೆಲೆನ್‌ಬರ್ಗ್ 1956ರಲ್ಲಿ ಯಾವುದು ಉಳಿಯಬೇಕೆಂಬ ಮೌಲ್ಯಮಾಪನವನ್ನು ಪತ್ರಾಗಾರದವರ ಹೊಣೆಯೆಂದದ್ದೇ ಸರಿ. ಪತ್ರಾಗಾರದವರು ಆಯ್ಕೆಯ ಕಾರಣಗಳನ್ನು ಬರೆದಿಡಲಿ, ಜನರ ಮುಂದಿಡಲಿ. ಪಕ್ಷಪಾತಕ್ಕೆ ಅದೇ ಮದ್ದು.