ಸಹಿಗೊಂದು ಊರಿರಲಿ

ಬೇಡ್ತಿ–ವರದಾ ಜೋಡಣೆ ಬೇಡ. ಅಘನಾಶಿನಿಯನ್ನು ಮುಟ್ಟಬೇಡಿ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಕೊಡಿ. ಇಂಥ ಮನವಿಗಳ ಲಿಂಕು ನನ್ನ ವಾಟ್ಸಾಪಿಗೆ ಬರುತ್ತಲೇ ಇರುತ್ತವೆ. ಎಲ್ಲದರ ಕೆಳಗೂ ಒಂದೇ ಸಾಲು: ‘ಸಹಿ ಹಾಕಿ, ಹತ್ತು ಜನರಿಗೆ ಕಳಿಸಿ.’ ಬೇಡಿಕೆಗಳ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಆ ಕೊನೆಯ ಸಾಲಿನ ಬಗ್ಗೆ. ಸಹಿ ಹೆಚ್ಚಿಸುವುದು ಹೇಗೆಂದು ತಲೆ ಕೆಡಿಸಿಕೊಳ್ಳುವ ನಮ್ಮ ಹುಡುಗರು, ಆ ಸಹಿ ಯಾರ ಮೇಜಿಗೆ ಹೋಗಿ ಸೇರುತ್ತದೆ ಎಂದು ಕೇಳುವುದೇ ಇಲ್ಲ.

ಆಸ್ಪತ್ರೆಯ ಕತೆಯನ್ನೇ ನೋಡಿ. ಶಿರಸಿಯಲ್ಲಿ ದೊಡ್ಡ ಅಪಘಾತವಾದರೆ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್ ಓಡಬೇಕು. ಸಿದ್ದಾಪುರದವರು ಶಿವಮೊಗ್ಗಕ್ಕೆ ಹೊರಡುತ್ತಾರೆ, ಕರಾವಳಿಯವರು ಮಣಿಪಾಲಕ್ಕೆ. ಈ ಸಂಕಟ 2019ರ ಜೂನ್‌ನಲ್ಲಿ ಟ್ವಿಟರಿನಲ್ಲಿ ದೊಡ್ಡ ಅಭಿಯಾನವಾಯಿತು, ರಾಜ್ಯವೆಲ್ಲ ತಿರುಗಿ ನೋಡಿತು. ಮರು ತಿಂಗಳು ಸರ್ಕಾರವೇ ಉರುಳಿತು, ಸದ್ದೂ ಇಳಿಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಅದೇ ಬೇಡಿಕೆ ಮತ್ತೆ ಮೊಬೈಲುಗಳಲ್ಲಿ ಎದ್ದಿತು. ನಡುವಿನ ಮೂರು ವರ್ಷ ಅದನ್ನು ಜೀವಂತ ಇಡುವುದಕ್ಕೆ ಹ್ಯಾಶ್‌ಟ್ಯಾಗಿಗೆ ಆಗಲಿಲ್ಲ.

ಬ್ರಿಟನ್ನಿನಲ್ಲಿ ಸಂಸತ್ತಿನದೇ ಮನವಿ ತಾಣವಿದೆ. ಅಲ್ಲಿ ಹತ್ತು ಸಾವಿರ ಸಹಿಯಾದರೆ ಸರ್ಕಾರ ಉತ್ತರಿಸುತ್ತದೆ, ಒಂದು ಲಕ್ಷವಾದರೆ ಚರ್ಚೆಗೆ ಪರಿಗಣಿಸುತ್ತಾರೆ. ನಾವು ಸಹಿ ಹಾಕುವ ಖಾಸಗಿ ತಾಣಗಳ ಲೆಕ್ಕಕ್ಕೆ ಇಲ್ಲಿ ಅಂಥ ಯಾವ ಕಟ್ಟುಪಾಡೂ ಇಲ್ಲ. ಐವತ್ತು ಸಾವಿರ ಮುಟ್ಟಿದರೂ ಉತ್ತರ ಕೊಡಲೇಬೇಕಾದ ಅಧಿಕಾರಿ ಒಬ್ಬನೂ ಇಲ್ಲ. ಕೆಲವು ತಾಣಗಳಂತೂ ಸಹಿ ಹಾಕಿದ ಕೂಡಲೇ, ಮನವಿಯನ್ನು ಇನ್ನಷ್ಟು ಜನರಿಗೆ ತೋರಿಸಲು ದುಡ್ಡು ಕೊಡಿ ಎನ್ನುತ್ತವೆ. ಪ್ರಚಾರ ಅವರ ವ್ಯಾಪಾರ. ಅದನ್ನೇ ಚಳವಳಿ ಎಂದು ನಾವೇಕೆ ತಿಳಿಯಬೇಕು?

ಈ ಸೀಮೆಗೆ ಪಾಠ ಹೊರಗಿನಿಂದ ಬರಬೇಕಿಲ್ಲ. 1981ರಲ್ಲಿ ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ವಿಚಾರ ಸಂಕಿರಣ ನಡೆಸಿ, ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭ–ನಷ್ಟದ ಲೆಕ್ಕವನ್ನು ವಿಜ್ಞಾನಿಗಳ ಮುಂದಿಟ್ಟಿತು. ಅಡಿಕೆ ಮಾರುವ ಸಂಘ ಸರ್ಕಾರದ ಅಂಕಿಗೆ ಎದುರು ಅಂಕಿ ಹಿಡಿಯಿತು. ಆ ಯೋಜನೆ ಕೈಬಿಟ್ಟುಹೋಯಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯವರು ಮರ ಅಪ್ಪಿಕೊಂಡರು. ಯಾವ ಕಾಡು, ಯಾರು ಕಡಿಯುತ್ತಿದ್ದಾರೆ, ಯಾರು ನಿಲ್ಲಿಸಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು.

ಅಂತರ್ಜಾಲದಿಂದ ಏನೂ ಆಗದು ಎಂದು ಮೂಗು ಮುರಿಯುವವರ ಜತೆಗೂ ನಾನಿಲ್ಲ. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಗೆ ಲಕ್ಷಾಂತರ ಜನ ಇ–ಮೇಲ್ ಬರೆದರು. ಆ ಪತ್ರಗಳಿಗೆ ತೂಕವಿತ್ತು. ಕಾನೂನೇ ಜನರ ಅಭಿಪ್ರಾಯ ಕೇಳಿತ್ತು, ಕಳಿಸಲು ವಿಳಾಸವಿತ್ತು, ಕೊನೆಯ ದಿನವಿತ್ತು. ಕರಡು ಕನ್ನಡದಲ್ಲಿಲ್ಲ ಎಂಬ ದೂರು ನಮ್ಮ ಹೈಕೋರ್ಟಿನವರೆಗೂ ಹೋಯಿತು. ಆ ಕರಡು ಅಂತಿಮ ಅಧಿಸೂಚನೆಯಾಗಿ ಹೊರಬೀಳಲೇ ಇಲ್ಲ.

ಹಾಗಾಗಿ, ಮನವಿ ಬರೆಯಲು ಕೂರುವ ವಿದ್ಯಾರ್ಥಿ ಗೆಳೆಯರೇ, ಮೊದಲು ಕನ್ನಡದಲ್ಲಿ ಬರೆಯಿರಿ. ನೀರು ಕಳೆದುಕೊಳ್ಳುವವನಿಗೆ ಓದಲು ಬಾರದ ಇಂಗ್ಲಿಷಿನಲ್ಲಿ ಅವನ ಪರವಾಗಿ ಅಳಬೇಡಿ. ಹತ್ತು ಬೇಡಿಕೆ ಬೇಡ, ಒಂದೇ ಇರಲಿ. ಯಾವ ಇಲಾಖೆ, ಯಾವ ಆದೇಶ, ಯಾವ ದಿನದೊಳಗೆ ಎಂಬುದು ಮೊದಲ ಸಾಲಿನಲ್ಲೇ ಇರಲಿ. ಹೆಸರಿನ ಮುಂದೆ ಊರು, ತಾಲ್ಲೂಕು ಬರೆಸಿ. ಯಲ್ಲಾಪುರದ ಒಂದು ಹಳ್ಳಿಯ ನಲವತ್ತು ಮನೆಯವರ ಸಹಿಗೆ ಇರುವ ಬೆಲೆ, ಊರಿಲ್ಲದ ನಾಲ್ಕು ಸಾವಿರ ಹೆಸರಿಗಿಲ್ಲ.

ಆಮೇಲೆ ಅದನ್ನು ಮುದ್ರಿಸಿ ಹೊರಡಿ. ಒಟಿಪಿ ಬರಲು ಗುಡ್ಡ ಹತ್ತಬೇಕಾದ ಊರುಗಳು ನಮ್ಮಲ್ಲಿ ಇನ್ನೂ ಇವೆ. ಆ ಊರಿನವರೆಲ್ಲ ಬೆಳಗ್ಗೆ ಹಾಲಿನ ಡೇರಿಯಲ್ಲಿ, ತಿಂಗಳಿಗೊಮ್ಮೆ ರೇಷನ್ ಅಂಗಡಿಯಲ್ಲಿ ಸಿಗುತ್ತಾರೆ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಶಿರಸಿಯ ಸಹಾಯಕ ಆಯುಕ್ತರ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕಡತ ಎಲ್ಲಿದೆ ಎಂದು ಕೇಳಿ, ಅದಕ್ಕೆ ಮೂವತ್ತು ದಿನದೊಳಗೆ ಉತ್ತರಿಸಲೇಬೇಕು. ಆ ಮುದ್ರೆಯ ಫೋಟೋವನ್ನು ಧಾರಾಳವಾಗಿ ಹಂಚಿ. ಹಂಚುವುದಕ್ಕೆ ಆಗ ಒಂದು ಸುದ್ದಿಯೂ ಇರುತ್ತದೆ, ಮುಂದಿನ ಸಹಿ ಹಾಕುವವರಿಗೆ ಒಂದು ಕಾರಣವೂ ಇರುತ್ತದೆ.

ಬೆಂಗಳೂರಿನಲ್ಲಿ ಕೂತವರಿಗೆ ಕೆಲಸವಿಲ್ಲವೆಂದಲ್ಲ. ಯೋಜನಾ ವರದಿಯನ್ನು ಓದಿ, ಎಷ್ಟು ಕಾಡು ಹೋಗುತ್ತದೆ, ಎಷ್ಟು ನೀರು ಎತ್ತುತ್ತಾರೆ ಎಂಬುದನ್ನು ಎರಡು ಪುಟದ ಕನ್ನಡಕ್ಕೆ ಇಳಿಸಿಕೊಡಿ. ಬೆರಳಿನಲ್ಲಿ ಒತ್ತುವ ಸಹಿಗಿಂತ ಅದು ಎಷ್ಟೋ ಪಾಲು ದೊಡ್ಡ ಉಪಕಾರ. ಬೇಡ್ತಿಯ ನೀರಿನ ಪ್ರಶ್ನೆ ಮತ್ತೆ ಬಾಗಿಲಿಗೆ ಬಂದಿದೆ. ಎದುರು ಲೆಕ್ಕ ಹಿಡಿದು ಹೋದವರ ಮಕ್ಕಳು, ಮೊಮ್ಮಕ್ಕಳು ನಾವು. ಬರೀ ಲಿಂಕು ಹಿಡಿದು ಹೋಗುವುದು ನಮಗೆ ಶೋಭೆಯಲ್ಲ.